ಅರವತ್ತು ದಾಟಿದ ಮಹಿಳೆಯರಿಗೆ ತೂಕದ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ತೂಕದ ವ್ಯಾಯಾಮ ಎಂದರೆ ಭಾರಕ್ಕೋ ಎಳೆತಕ್ಕೋ ಎದುರಾಗಿ ಸ್ನಾಯುಗಳನ್ನು ದುಡಿಸುವುದು. ಅದಕ್ಕೆ ಡಂಬೆಲ್ ಆಗಬಹುದು, ರಬ್ಬರ್ ಬ್ಯಾಂಡ್ ಆಗಬಹುದು, ಜಿಮ್‌ನ ಯಂತ್ರವಾಗಬಹುದು, ನಮ್ಮದೇ ಮೈತೂಕವೂ ಆಗಬಹುದು. ಇದರಿಂದ ಫಲ ಸಿಗದಿರುವುದಕ್ಕೆ ವಯಸ್ಸು ಕಾರಣವಾಗುವುದು ಅಪರೂಪ. ಒಂದು ಕಿಲೋ ಡಂಬೆಲ್ ಹಿಡಿದವರು ವರ್ಷಗಟ್ಟಲೆ ಅಲ್ಲೇ ನಿಂತುಬಿಡುವುದು ಹೆಚ್ಚಿನವರ ವಿಷಯದಲ್ಲಿ ನಿಜವಾದ ಕಾರಣ.

ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ. ಸಾಲದೇ?

ವಾಕಿಂಗ್ ಬಿಡಬೇಡಿ. ಹೃದಯಕ್ಕೆ, ಬಿಪಿಗೆ, ಶುಗರಿಗೆ ಅದು ಒಳ್ಳೆಯದೇ. ಆದರೆ ಸ್ನಾಯುವಿನ ಬಲಕ್ಕೆ ಅದೊಂದೇ ಸಾಲದು. ಸ್ನಾಯುವಿನಲ್ಲಿ ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳಿವೆ, ಥಟ್ಟನೆ ಜೋರು ಹಾಕುವ ಎಳೆಗಳೂ ಇವೆ. ಸಮತಟ್ಟು ದಾರಿಯಲ್ಲಿ ನಡೆಯಲು ಮೊದಲ ಬಗೆಯವು ಸಾಕು. ಎರಡನೆಯವು ಭಾರ ಹೆಚ್ಚಾದಾಗ, ಇಲ್ಲವೇ ವೇಗ ಬೇಕಾದಾಗ ಮಾತ್ರ ಕೆಲಸಕ್ಕಿಳಿಯುತ್ತವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಇವೇ. ಎಡವಿದಾಗ ಕಾಲನ್ನು ಚಕ್ಕನೆ ಮುಂದಿಟ್ಟು ಮೈಯನ್ನು ತಡೆದು ನಿಲ್ಲಿಸಬೇಕಾದವೂ ಇವೇ. ತೋಳು, ಭುಜ, ಬೆನ್ನಿಗಂತೂ ನಡಿಗೆಯಿಂದ ಕೆಲಸವೇ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಮೂರನ್ನೂ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಕನಿಷ್ಠ 2 ದಿನ ಎಲ್ಲ ದೊಡ್ಡ ಸ್ನಾಯುಗಳಿಗೂ ಬಲದ ವ್ಯಾಯಾಮ, 3 ದಿನವಾದರೂ ಸಮತೋಲನಕ್ಕೆ ಒತ್ತುಕೊಟ್ಟ ವ್ಯಾಯಾಮ. ಒಂದನ್ನು ಮಾಡಿದರೆ ಇನ್ನೊಂದು ಮಾಡಿದಂತಾಗುವುದಿಲ್ಲ.

ಅಮ್ಮನಿಗೆ 82 ವರ್ಷ. ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ?

ಬೆಳೆಯುತ್ತದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ 10 ಮಂದಿಗೆ 8 ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದ 9 ಮಂದಿಯ ಬಲ ಸರಾಸರಿ ಶೇ. 174ರಷ್ಟು ಏರಿತು. 1994ರಲ್ಲಿ ಇಂಥದೇ 100 ಮಂದಿಯ ಮೇಲೆ ನಡೆದ 10 ವಾರಗಳ ಪ್ರಯೋಗದಲ್ಲಿ ಬಲದ ಜೊತೆಗೆ ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿಯೂ ಹೆಚ್ಚಿದವು. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಎರಡರಲ್ಲೂ ಕೊಟ್ಟದ್ದು ಸುಮ್ಮನೆ ಕೈಕಾಲು ಆಡಿಸುವ ವ್ಯಾಯಾಮವಲ್ಲ. ಒಮ್ಮೆ ಮಾತ್ರ ಎತ್ತಲು ಆಗುವ ಗರಿಷ್ಠ ತೂಕದ ಸುಮಾರು ಶೇ. 80ರಷ್ಟು ಭಾರವನ್ನೇ ಕೊಟ್ಟಿದ್ದರು.

ಮೊದಲ ಆರೆಂಟು ವಾರಗಳಲ್ಲಿ ಏರುವ ಬಲದಲ್ಲಿ ದೊಡ್ಡ ಪಾಲು ನರಗಳದು: ಇದ್ದ ಸ್ನಾಯುವನ್ನೇ ಮಿದುಳು ಚೆನ್ನಾಗಿ ಬಳಸಲು ಕಲಿಯುತ್ತದೆ. ಗಾತ್ರ ನಿಧಾನವಾಗಿ ಬರುತ್ತದೆ. ಹಾಗಾಗಿ ತಿಂಗಳಾದರೂ ತೋಳು ದಪ್ಪವಾಗಲಿಲ್ಲ ಎಂದು ಕೈಬಿಡಬೇಡಿ. ಕುರ್ಚಿಯಿಂದ ಏಳುವುದು ಹಗುರವಾಗಿದೆಯೇ ನೋಡಿ.

ನನ್ನ ಕಾಲಿನ ಬಲ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯಬಹುದೇ?

ಕೈಗಳಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ನಡುವೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಲು ಇನ್ನೊಬ್ಬರಿಗೆ ಹೇಳಿ. ಸಮಯ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದೂ ಒಂದು. ಕೈ ಊರಿದರೆ ಸೊನ್ನೆ.

ಮಹಿಳೆಯರಲ್ಲಿ 60–64 ವಯಸ್ಸಿಗೆ 12ಕ್ಕಿಂತ, 65–69ಕ್ಕೆ 11ಕ್ಕಿಂತ, 70–79ಕ್ಕೆ 10ಕ್ಕಿಂತ, 80–84ಕ್ಕೆ 9ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. ಬೀಳುವ ಅಪಾಯ ಹೆಚ್ಚು. ಬಂದ ಸಂಖ್ಯೆಯನ್ನು ತಾರೀಕಿನ ಜೊತೆ ಬರೆದಿಡಿ. ಆರು ವಾರಕ್ಕೊಮ್ಮೆ ಅದೇ ಕುರ್ಚಿಯಲ್ಲಿ ಮತ್ತೆ ಮಾಡಿ. ಕುರ್ಚಿ ಬದಲಾದರೆ ಹೋಲಿಕೆ ಕೆಡುತ್ತದೆ.

ಯಾರು ಮೊದಲು ವೈದ್ಯರನ್ನು ಕೇಳಲೇಬೇಕು?

ಎದೆನೋವು, ವಿಶ್ರಾಂತಿಯಲ್ಲೂ ಏದುಸಿರು, ಕಾರಣ ತಿಳಿಯದೆ ತಲೆಸುತ್ತಿ ಬಿದ್ದದ್ದು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದದ್ದು, ಹತೋಟಿಗೆ ಬಾರದ ಬಿಪಿ, ಬೆನ್ನುಮೂಳೆ ಮುರಿತ, ಹರ್ನಿಯಾ, ಕಣ್ಣಿನ ಅಥವಾ ಹೊಟ್ಟೆಯ ಹೊಸ ಶಸ್ತ್ರಚಿಕಿತ್ಸೆ, ಹೊಸದಾಗಿ ಹಾಕಿದ ಪೇಸ್‌ಮೇಕರ್: ಇವುಗಳಲ್ಲಿ ಯಾವುದಿದ್ದರೂ ಮೊದಲು ಕೇಳಿ. “ವ್ಯಾಯಾಮ ಮಾಡಬಹುದೇ?” ಎಂದಷ್ಟೇ ಕೇಳಿದರೆ “ವಾಕಿಂಗ್ ಮಾಡಿ” ಎಂಬ ಉತ್ತರ ಬರುತ್ತದೆ. “ಐದು ಕಿಲೋ ಹಿಡಿದು ಕುರ್ಚಿಯಿಂದ ಎದ್ದು ಕೂರಬಹುದೇ? ಯಾವ ಚಲನೆ ಬೇಡ?” ಎಂದು ಬಿಡಿಸಿ ಕೇಳಿ.

ಯಾವ ವ್ಯಾಯಾಮಗಳು ಸಾಕು?

ಆರು ಸಾಕು. ಇಪ್ಪತ್ತು ಬಗೆ ಕಲಿತು ಯಾವುದರಲ್ಲೂ ಭಾರ ಏರಿಸದಿರುವುದಕ್ಕಿಂತ ಈ ಆರನ್ನೇ ಚೆನ್ನಾಗಿ ಮಾಡುವುದು ಲೇಸು.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕುರ್ಚಿಯಿಂದ ಏಳುವುದು. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು ಕುಳಿತುಕೊಳ್ಳಿ. ಪಾದಗಳ ನಡುವೆ ಸೊಂಟದಷ್ಟು ಅಗಲ ಇರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಬೆನ್ನು ಬಗ್ಗಿಸದೆ ಸೊಂಟದಿಂದಲೇ ಮುಂದಕ್ಕೆ ಬಾಗಿ. ಮೂಗು ಕಾಲ್ಬೆರಳುಗಳ ನೇರಕ್ಕೆ ಬಂದಾಗ ಪಾದದಿಂದ ನೆಲ ಒತ್ತಿ ಉಸಿರು ಬಿಡುತ್ತಾ ಏಳಿ. ಮೇಲೆ ಸೊಂಟ ಪೂರ್ತಿ ನೇರವಾಗಬೇಕು. ಇಳಿಯುವಾಗ ಒಂದು, ಎರಡು, ಮೂರು ಎಂದು ಎಣಿಸುತ್ತಾ ನಿಧಾನವಾಗಿ ಕೂರಿ. ಕೊನೆಯ ಒಂದು ಗೇಣು ಧೊಪ್ಪನೆ ಬೀಳುವುದು ಸಾಮಾನ್ಯ ತಪ್ಪು. ಇಳಿಯುವಾಗ ತಡೆದು ಹಿಡಿಯುವ ಬಲ ಬೆಳೆಯುವುದೇ ಆ ಒಂದು ಗೇಣಿನಲ್ಲಿ. ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಮಂಡಿಯ ಮೇಲ್ಭಾಗಕ್ಕೆ ಹಗುರ ಬ್ಯಾಂಡ್ ಸುತ್ತಿ, ಅದನ್ನು ಹೊರಕ್ಕೆ ಒತ್ತುತ್ತಾ ಏಳಿ. ಏಳಲು ಆಗದಿದ್ದರೆ ಆಸನದ ಮೇಲೆ ಗಟ್ಟಿ ದಿಂಬಿಟ್ಟು 5ರಿಂದ 10 ಸೆಂ.ಮೀ. ಎತ್ತರಿಸಿ. ಸಲೀಸಾದರೆ ದಿಂಬು ತೆಗೆಯಿರಿ, ಆಮೇಲೆ ಎದೆಗೆ ಭಾರ ಅಪ್ಪಿಕೊಳ್ಳಿ.

ಎರಡನೆಯದು, ಸೊಂಟದಿಂದ ಬಾಗಿ ಭಾರ ಎತ್ತುವುದು. ಗೋಡೆಗೆ ಬೆನ್ನು ಮಾಡಿ ಒಂದು ಪಾದದಷ್ಟು ದೂರ ನಿಲ್ಲಿ. ಮಂಡಿ ಸ್ವಲ್ಪ ಸಡಿಲಿಸಿ, ಪೃಷ್ಠದಿಂದ ಗೋಡೆ ಮುಟ್ಟಿ ಬನ್ನಿ. ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲು ಹಿಡಿದರೆ ಅದು ತಲೆಯ ಹಿಂಭಾಗ, ಮೇಲ್ಬೆನ್ನು, ಬೆನ್ನಿನ ಬುಡ ಮೂರನ್ನೂ ಮುಟ್ಟಿಕೊಂಡೇ ಇರಬೇಕು. ಬಿಟ್ಟರೆ ಬೆನ್ನು ಬಾಗಿದೆ ಎಂದೇ ಅರ್ಥ. ಇದು ಕೈಗೆ ಹತ್ತಿದ ಮೇಲೆ ಸ್ಟೂಲಿನ ಮೇಲಿಟ್ಟ ಚೀಲವನ್ನು ಹೀಗೇ ಎತ್ತಿ ಇಳಿಸಿ. ನೆಲದಿಂದ ಎತ್ತುವುದು ಆಮೇಲಿನ ಮಾತು.

ಮೂರನೆಯದು, ಗೋಡೆಗೆ ಕೈಯೂರಿ ದಂಡ. ಗೋಡೆ ಸಲೀಸಾದರೆ ಅಲುಗದ ಮೇಜಿಗೆ, ಆಮೇಲೆ ಇನ್ನೂ ತಗ್ಗಿನ ಆಸರೆಗೆ ಇಳಿಯಿರಿ. ನಾಲ್ಕನೆಯದು, ಕಂಬಕ್ಕೋ ಕಿಟಕಿಯ ಸರಳಿಗೋ ಬ್ಯಾಂಡ್ ಸಿಕ್ಕಿಸಿ ಎದೆಯ ಮಟ್ಟದಲ್ಲಿ ಹಿಂದಕ್ಕೆಳೆಯುವುದು. ಭುಜಗಳು ಕಿವಿಯತ್ತ ಏರಬಾರದು, ಬೆನ್ನಿನ ರೆಕ್ಕೆಮೂಳೆಗಳು ಹತ್ತಿರ ಬರಬೇಕು. ಐದನೆಯದು, ಕುರ್ಚಿಯ ಬೆನ್ನು ಹಿಡಿದು ತುದಿಗಾಲಿನಲ್ಲಿ ಏಳುವುದು; ಎರಡು ಕಾಲಿನಲ್ಲಿ 20 ಸಲೀಸಾದರೆ ಒಂಟಿಕಾಲಿನಲ್ಲಿ. ಆರನೆಯದು, ಎರಡೂ ಕೈಯಲ್ಲಿ ಸಮಭಾರದ ಚೀಲ ಹಿಡಿದು 20–30 ಮೀಟರ್ ನೆಟ್ಟಗೆ ನಡೆಯುವುದು. ಹಿಡಿತ, ಬೆನ್ನು, ಸೊಂಟ ಮೂರಕ್ಕೂ ಇದು ಕೆಲಸ ಕೊಡುತ್ತದೆ.

ತಲೆಯ ಮೇಲಕ್ಕೆ ಭಾರ ಎತ್ತುವುದನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಭುಜ ನೋವಿಲ್ಲದವರು ಎರಡು ತಿಂಗಳಾದ ಮೇಲೆ ಸೇರಿಸಿಕೊಳ್ಳಬಹುದು.

ಎಷ್ಟು ತೂಕ? ಯಾವಾಗ ಹೆಚ್ಚಿಸಬೇಕು?

ಮೊದಲ ಎರಡು ವಾರ ಹಗುರ ಭಾರ. ಗಂಟು, ಸ್ನಾಯುಬಂಧಗಳು ಒಗ್ಗಿಕೊಳ್ಳಲು, ಚಲನೆ ಕಲಿಯಲು ಅಷ್ಟು ಸಮಯ ಬೇಕು. ಆಮೇಲೆ ಲೆಕ್ಕ ಬದಲಾಗುತ್ತದೆ. 8ರಿಂದ 12 ಸಲ ಎತ್ತಲು ಆಗಬೇಕು, ಕೊನೆಯ ಎರಡು ಸಲಕ್ಕೆ ನಿಜವಾಗಿಯೂ ಕಷ್ಟವಾಗಬೇಕು, ನಿಲ್ಲಿಸಿದಾಗ “ಇನ್ನೆರಡು ಆಗುತ್ತಿತ್ತು, ನಾಲ್ಕು ಆಗುತ್ತಿರಲಿಲ್ಲ” ಅನ್ನಿಸಬೇಕು. ಹತ್ತಕ್ಕೆ ಅಂಕ ಕೊಟ್ಟರೆ ಆರರಿಂದ ಎಂಟರಷ್ಟು ಕಷ್ಟ. ಮಾತಾಡುತ್ತಾ ಮೂವತ್ತು ಸಲ ಎತ್ತಲು ಆಗುವ ಭಾರದಿಂದ ಬಲ ಹೆಚ್ಚುವುದಿಲ್ಲ.

ಬಿಡುವಿಲ್ಲದೆ ಒಂದೇ ಸುತ್ತಿನಲ್ಲಿ ಎತ್ತುವ ಈ 8–12 ಸಲಕ್ಕೆ ಒಂದು ಸೆಟ್ ಎನ್ನುತ್ತಾರೆ. ಹೆಚ್ಚಿಸುವ ನಿಯಮ ಸರಳ: ಕೊನೆಯ ಸೆಟ್‌ನಲ್ಲಿ ಗುರಿಗಿಂತ ಎರಡು ಹೆಚ್ಚು ಸಲ, ಒಂದರ ಹಿಂದೊಂದು ಬರುವ ಎರಡು ಅಭ್ಯಾಸದ ದಿನಗಳಲ್ಲಿ ಸಾಧ್ಯವಾದರೆ ಮುಂದಿನ ಸಲ ಭಾರ ಏರಿಸಿ. ಕೈಗಳಿಗೆ ಅರ್ಧ ಕಿಲೋ, ಕಾಲುಗಳಿಗೆ ಒಂದೆರಡು ಕಿಲೋ. ಇಲ್ಲೊಂದು ತೊಡಕಿದೆ: 2 ಕಿಲೋ ಡಂಬೆಲ್‌ನಿಂದ 3 ಕಿಲೋಗೆ ಹೋಗುವುದೆಂದರೆ ಒಂದೇ ಏಟಿಗೆ ಶೇ. 50 ಹೆಚ್ಚು. ಆಗ ಮೊದಲ ಸೆಟ್ ಮಾತ್ರ 3 ಕಿಲೋದಲ್ಲಿ 6 ಸಲ ಮಾಡಿ, ಉಳಿದವನ್ನು ಹಳೆಯದರಲ್ಲೇ ಮುಗಿಸಿ. ಎರಡು ಮೂರು ವಾರದಲ್ಲಿ ಪೂರ್ತಿ ಏರಬಹುದು. ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡರೆ ಈ ತೊಡಕಿಲ್ಲ: ಒಂದು ಲೀಟರ್ ನೀರು ಒಂದು ಕಿಲೋ, ಅರ್ಧ ಲೀಟರ್ ಅರ್ಧ ಕಿಲೋ.

ಕಾಲಿನ ವಿಷಯದಲ್ಲಿ ಹೆಚ್ಚಿನವರು ತೀರಾ ಕಡಿಮೆ ಭಾರ ಇಟ್ಟುಕೊಳ್ಳುತ್ತಾರೆ. ಪ್ರತಿ ಸಲ ಎದ್ದಾಗಲೂ ತೊಡೆಗಳು ಮೈಯ ಬಹುಪಾಲು ಭಾರವನ್ನು ಎತ್ತುತ್ತಲೇ ಇವೆ. 60 ಕಿಲೋ ತೂಗುವವರು ಅದರ ಮೇಲೆ ಒಂದು ಕಿಲೋ ಹಿಡಿದರೆ ತೊಡೆಗೆ ಗೊತ್ತೂ ಆಗುವುದಿಲ್ಲ. ಕೈಯೂರದೆ 12 ಸಲ ಸಲೀಸಾಗಿ ಏಳುವವರು 4–5 ಕಿಲೋ ಅಪ್ಪಿಕೊಂಡೇ ಶುರು ಮಾಡಬಹುದು.

ಪುಸ್ತಕವೊಂದರಲ್ಲಿ ತಾರೀಕು, ಭಾರ, ಸೆಟ್, ಸಲ ಬರೆದಿಡಿ. ಬರೆಯದವರು ಭಾರ ಏರಿಸುವುದನ್ನು ಮರೆಯುತ್ತಾರೆ.

ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು?

ಎರಡರಿಂದ ಮೂರು ದಿನ, ನಡುವೆ ಒಂದು ದಿನ ಬಿಡುವು. ಪ್ರತಿ ವ್ಯಾಯಾಮಕ್ಕೆ ಮೊದಲ ತಿಂಗಳು ಒಂದು ಸೆಟ್, ಆಮೇಲೆ ಎರಡು ಮೂರು. ಸೆಟ್‌ಗಳ ನಡುವೆ ಒಂದೂವರೆ ಎರಡು ನಿಮಿಷ ಕೂರಿ. ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದೂ ಸೇರಿ ಸುಮಾರು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಭಾರ ಎತ್ತಿದರೆ ಅಪಾಯವಲ್ಲವೇ?

ಹತೋಟಿಯಲ್ಲಿರುವ ಬಿಪಿಗೆ ಇದು ಒಳ್ಳೆಯದೇ. ನಿಯಮಿತ ಅಭ್ಯಾಸದಿಂದ ವಿಶ್ರಾಂತಿಯ ಬಿಪಿ ಸ್ವಲ್ಪ ಇಳಿಯುತ್ತದೆ. ಅಪಾಯ ಇರುವುದು ಉಸಿರು ಬಿಗಿಹಿಡಿದು ತಿಣುಕುವುದರಲ್ಲಿ. ಹಾಗೆ ಮಾಡಿದಾಗ ಬಿಪಿ ಒಮ್ಮೆಲೇ ಮೇಲೇರಿ, ಉಸಿರು ಬಿಟ್ಟಾಗ ಕುಸಿಯುತ್ತದೆ. ಕಣ್ಣು ಕತ್ತಲೆ ಬರುವುದು ಆಗಲೇ. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಮರೆತುಹೋಗುತ್ತದೆ ಎನ್ನುವವರು ಜೋರಾಗಿ ಎಣಿಸುತ್ತಾ ಎತ್ತಿ. ಬಾಯಿಬಿಟ್ಟು ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ.

ಕುಳಿತು ನೋಡಿದ ಬಿಪಿ 180/110 ದಾಟಿದ್ದರೆ ಆ ದಿನ ಬೇಡ, ವೈದ್ಯರಿಗೆ ತಿಳಿಸಿ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ನಾಡಿ ಬಡಿತ ನೋಡಿ ಶ್ರಮ ಅಳೆಯಬೇಡಿ, ಆ ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ. ಮೇಲೆ ಹೇಳಿದ ಹತ್ತರ ಅಂಕವೇ ಸರಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಿರಿ.

ಮಂಡಿ ಸವೆದಿದೆ ಎಂದಿದ್ದಾರೆ. ಇನ್ನೂ ಸವೆಯುವುದಿಲ್ಲವೇ?

ಇಲ್ಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿ ಸ್ಥಿರವಾಗಿ ನಿಲ್ಲುತ್ತದೆ. ಮಂಡಿ ಸವೆತಕ್ಕೆ ಮೊದಲ ಸಾಲಿನ ಚಿಕಿತ್ಸೆಯಾಗಿಯೇ ವ್ಯಾಯಾಮವನ್ನು ಹೇಳುತ್ತಾರೆ. ನೋವನ್ನು ಹತ್ತಕ್ಕೆ ಅಳೆಯಿರಿ: ಮಾಡುವಾಗ ಮೂರು ನಾಲ್ಕರವರೆಗೆ ಇದ್ದು, ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಅದಕ್ಕಿಂತ ಹೆಚ್ಚಾದರೆ ಇಡೀ ವ್ಯಾಯಾಮ ಬಿಡಬೇಡಿ, ಆಸನ ಎತ್ತರಿಸಿ ಅಥವಾ ಭಾರ ಇಳಿಸಿ. ಮಂಡಿ ಊದಿಕೊಂಡು ಬಿಸಿಯಾದರೆ, ಸಿಕ್ಕಿಹಾಕಿಕೊಂಡರೆ, ಇದ್ದಕ್ಕಿದ್ದಂತೆ ಕುಸಿದರೆ ತೋರಿಸಿ.

ಮೂಳೆ ಸವೆತ ಇದೆ. ಭಾರ ಎತ್ತಿದರೆ ಮೂಳೆ ಮುರಿಯುತ್ತದೆಯೇ?

ಈ ಭಯ ಸಹಜ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ತಗ್ಗುವುದರಿಂದ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಮೂಳೆಯ ಜೀವಕೋಶಗಳಿಗೆ “ಇಲ್ಲಿ ಗಟ್ಟಿ ಮಾಡು” ಎಂಬ ಸೂಚನೆ ಸಿಗುವುದು ಭಾರದ ಒತ್ತಡದಿಂದ. ಹಗುರ ಒತ್ತಡ ಎಷ್ಟು ಸಲ ಬಿದ್ದರೂ ಆ ಸೂಚನೆ ದುರ್ಬಲ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರ ಪೈಕಿ ಒಂದು ಗುಂಪಿಗೆ 8 ತಿಂಗಳು, ವಾರಕ್ಕೆರಡು ಸಲ, ಅರ್ಧರ್ಧ ಗಂಟೆ ಭಾರೀ ತೂಕದ ವ್ಯಾಯಾಮ ಕೊಟ್ಟರು. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ. 2.9 ಹೆಚ್ಚಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2 ಇಳಿಯಿತು. ಆದರೆ ಅದು ನುರಿತ ತರಬೇತುದಾರರ ಕಣ್ಣೆದುರಿಗೆ, ಮೊದಲು ಹಗುರ ಭಾರದಲ್ಲಿ ಚಲನೆ ಕಲಿಸಿ ಆಮೇಲೆ ಏರಿಸಿದ ಕಾರ್ಯಕ್ರಮ. ಅಷ್ಟು ಭಾರವನ್ನು ಮನೆಯಲ್ಲಿ ಒಬ್ಬರೇ ಎತ್ತಲು ಹೋಗಬೇಡಿ.

ಬೆನ್ನುಮೂಳೆ ಟೊಳ್ಳಾಗಿದ್ದರೆ ಮಲಗಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ, ಬೆನ್ನು ಬಾಗಿಸಿ ಕಾಲ್ಬೆರಳು ಮುಟ್ಟುವುದು, ಭಾರ ಹಿಡಿದು ನಡು ತಿರುಗಿಸುವುದು ಬೇಡ. ಬೆನ್ನು ಮುಂದಕ್ಕೆ ಬಾಗಿದಾಗ ಒತ್ತಡವೆಲ್ಲ ಕಶೇರುಗಳ (ಬೆನ್ನುಮೂಳೆಯ ಬಿಡಿ ಬಿಲ್ಲೆಗಳ) ಮುಂಭಾಗದ ಮೇಲೆ ಬೀಳುತ್ತದೆ, ಅವು ನಜ್ಜಾಗುವುದು ಅಲ್ಲೇ. ಮೂಳೆ ಬದಲಾಗಲು ತಿಂಗಳುಗಳೇ ಬೇಕು; ಸ್ಕ್ಯಾನಿನಲ್ಲಿ ವ್ಯತ್ಯಾಸ ಹುಡುಕುವುದಾದರೆ ವರ್ಷ ಕಳೆದ ಮೇಲೆ. ವೈದ್ಯರು ಕೊಟ್ಟ ಔಷಧಿಯನ್ನು ವ್ಯಾಯಾಮದ ಧೈರ್ಯದ ಮೇಲೆ ನಿಲ್ಲಿಸಬೇಡಿ.

ಭಾರ ಎತ್ತುವಾಗ ಮೂತ್ರ ಸೋರುತ್ತದೆ. ಯಾರಿಗೂ ಹೇಳಲು ಸಂಕೋಚ.

ಇದು ಬಹಳ ಮಹಿಳೆಯರಿಗೆ ಇರುವ ತೊಂದರೆ, ಸರಿಪಡಿಸಲೂ ಆಗುತ್ತದೆ. ಎತ್ತುವ ಕ್ಷಣಕ್ಕೆ ಸ್ವಲ್ಪ ಮೊದಲು ಮೂತ್ರ ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆ ಬಿಗಿದುಕೊಳ್ಳಿ, ಉಸಿರು ಬಿಡುತ್ತಾ ಎತ್ತಿ, ಇಳಿಸಿದ ಮೇಲೆ ಪೂರ್ತಿ ಸಡಿಲಿಸಿ. ಇದರ ಜೊತೆಗೆ ದಿನಕ್ಕೆ ಮೂರು ಹೊತ್ತು, 8ರಿಂದ 12 ಸಲ, ಸಲಕ್ಕೆ 6–8 ಸೆಕೆಂಡ್ ಬಿಗಿಹಿಡಿಯುವ ಅಭ್ಯಾಸವನ್ನು ಮೂರು ತಿಂಗಳು ಮಾಡಿ. ಸೋರದಷ್ಟು ಭಾರಕ್ಕೆ ಇಳಿದು ಅಲ್ಲಿಂದ ಏರುತ್ತಾ ಬನ್ನಿ. ಕೆಳಗೆ ಏನೋ ಜಾರಿದಂತೆ, ಭಾರವಾದಂತೆ ಅನ್ನಿಸಿದರೆ ಗರ್ಭಕೋಶ ಜಾರಿರಬಹುದು. ಸ್ತ್ರೀರೋಗ ತಜ್ಞರಿಗೆ ತೋರಿಸಿ ಆಮೇಲೆ ಮುಂದುವರಿಸಿ.

ಶುಗರ್ ಇರುವವರು ಏನು ನೋಡಿಕೊಳ್ಳಬೇಕು?

ದುಡಿದ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಲಾಭವೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮೊದಲು ಸಕ್ಕರೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಶುರು ಮಾಡಿ. ಕಣ್ಣಿನ ಹಿಂಪರದೆಯಲ್ಲಿ ರಕ್ತಸ್ರಾವದ ತೊಂದರೆ ಇರುವವರು ಕಣ್ಣಿನ ವೈದ್ಯರ ಒಪ್ಪಿಗೆಯಿಲ್ಲದೆ ಭಾರೀ ತೂಕಕ್ಕೆ ಕೈಹಾಕಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಿನಲ್ಲಿ ಬೇಡ.

ಮರುದಿನ ಮೈಕೈ ನೋವು ಬಂದರೆ?

ಹೊಸದಾಗಿ ದುಡಿದ ಸ್ನಾಯು ಒಂದರಿಂದ ಮೂರು ದಿನ ನೋಯುವುದು ಸಹಜ. ಓಡಾಡಿಕೊಂಡಿರಿ, ತಾನೇ ಇಳಿಯುತ್ತದೆ. ಚುಚ್ಚುವ ನೋವು, ಗಂಟಿನೊಳಗಿನ ನೋವು, ಒಂದೇ ಕಡೆಯ ಊತ ಸಹಜವಲ್ಲ. ವಿಪರೀತ ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಬ್ಬರ್ ಬ್ಯಾಂಡ್ ಸಾಕೇ, ಡಂಬೆಲ್ ಬೇಕೇ?

ಶುರುವಿಗೆ ಬ್ಯಾಂಡ್ ಸಾಕು. ಬಣ್ಣ ಬದಲಾದಂತೆ ಬಿಗಿತ ಬದಲಾಗುತ್ತದೆ, ಆದರೆ ಬಣ್ಣದ ಲೆಕ್ಕ ತಯಾರಕರಿಂದ ತಯಾರಕರಿಗೆ ಬೇರೆ. ಪ್ರತಿ ಸಲ ಬಳಸುವ ಮುಂಚೆ ಬೆಳಕಿಗೆ ಹಿಡಿದು ಎಳೆದು ನೋಡಿ. ಸಣ್ಣ ತೂತು, ಅಂಚಿನ ಸೀಳು ಕಂಡರೆ ಎಸೆಯಿರಿ. ತುಂಡಾದ ಬ್ಯಾಂಡ್ ಕಣ್ಣಿಗೆ ಬಡಿಯುತ್ತದೆ, ಮುಖದತ್ತ ಎಳೆಯಬೇಡಿ. ಲೇಟೆಕ್ಸ್ ಅಲರ್ಜಿ ಇದ್ದರೆ ಲೇಟೆಕ್ಸ್ ಇಲ್ಲದ್ದು ಸಿಗುತ್ತದೆ. ಕಾಲಿಗೆ ಮಾತ್ರ ಬೇಗನೆ ನಿಜವಾದ ಭಾರ ಬೇಕಾಗುತ್ತದೆ.

ಪ್ರೋಟೀನ್ ಎಷ್ಟು ಬೇಕು?

ವ್ಯಾಯಾಮ ಮಾಡುವ ಹಿರಿಯರಿಗೆ ದಿನಕ್ಕೆ ಮೈತೂಕದ ಕಿಲೋಗೆ ಕನಿಷ್ಠ 1ರಿಂದ 1.2 ಗ್ರಾಂ. 55 ಕಿಲೋ ಇರುವವರಿಗೆ 55ರಿಂದ 66 ಗ್ರಾಂ. ಒಂದೇ ಹೊತ್ತಿಗೆ ತುಂಬಿಸದೆ ಮೂರು ಊಟಕ್ಕೂ ಹಂಚಿ. ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಗಂಡಸರಂತೆ ಮೈಕಟ್ಟು ಬಂದುಬಿಡುತ್ತದೆಯೇ?

ಇಲ್ಲ. ಅದಕ್ಕೆ ಬೇಕಾದಷ್ಟು ಟೆಸ್ಟೋಸ್ಟಿರಾನ್ (ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು) ಮಹಿಳೆಯರ ಮೈಯಲ್ಲಿ ಇಲ್ಲ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದೆ, ಕೈ ಊದುತ್ತದೆ. ಆ ಕೈಯಲ್ಲಿ ಭಾರ ಎತ್ತಲೇಬಾರದೇ?

ಹಿಂದೆ ಹಾಗೆಯೇ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ, ಕೈಯೂತ ಇದ್ದ 141 ಮಹಿಳೆಯರ ಅಧ್ಯಯನದಲ್ಲಿ ವಾರಕ್ಕೆರಡು ಸಲ ನಿಧಾನವಾಗಿ ಭಾರ ಏರಿಸಿದವರ ಕೈ ಹೆಚ್ಚು ಊದಲಿಲ್ಲ, ಊತ ಉಲ್ಬಣಿಸುವುದೂ ಕಡಿಮೆಯಾಯಿತು. ಅವರು ಒತ್ತುತೋಳು (ಊತ ತಡೆಯಲು ಕೈಗೆ ಬಿಗಿಯಾಗಿ ಹಾಕುವ ತೋಳುಚೀಲ) ಹಾಕಿಕೊಂಡು, ಮೇಲ್ವಿಚಾರಣೆಯಲ್ಲಿ, ತೀರಾ ಹಗುರದಿಂದ ಶುರು ಮಾಡಿದ್ದರು. ನೀವೂ ಆ ಕ್ರಮದಲ್ಲೇ, ಚಿಕಿತ್ಸೆ ಕೊಟ್ಟವರಿಗೆ ತಿಳಿಸಿಯೇ ಮಾಡಿ.

ಬಲ ಬಂದರೆ ಬೀಳುವುದು ನಿಲ್ಲುತ್ತದೆಯೇ?

ಬಲ ಬೇಕು, ಆದರೆ ಬಲವೊಂದರಿಂದಲೇ ನಿಲ್ಲುವುದಿಲ್ಲ. ಬೀಳುವುದನ್ನು ತಡೆಯಲೆಂದೇ ರೂಪಿಸಿದ ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮ ಕಾರ್ಯಕ್ರಮವನ್ನು ಮೊದಲು 80 ದಾಟಿದ ಮಹಿಳೆಯರ ಮೇಲೆ ಪರೀಕ್ಷಿಸಿದರು. ಅದರಲ್ಲಿ ಕಾಲಿನ ಬಲದ ಜೊತೆಗೆ ಸಮತೋಲನ, ನಡಿಗೆ ಮೂರೂ ಇವೆ. ತೂಕದ ವ್ಯಾಯಾಮ ಮುಗಿದ ಮೇಲೆ ಆಸರೆಯ ಪಕ್ಕ ನಿಂತು ಒಂಟಿಕಾಲಿನಲ್ಲಿ 10 ಸೆಕೆಂಡ್, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನಡೆಯುವ ಹತ್ತು ಹೆಜ್ಜೆ ಸೇರಿಸಿ. ಎರಡು ತಿಂಗಳಾದ ಮೇಲೆ ಕುರ್ಚಿಯಿಂದ ಬೇಗ ಏಳಿ, ನಿಧಾನ ಇಳಿಯಿರಿ. ಎಡವಿದಾಗ ಬೇಕಾಗುವುದು ಆ ವೇಗವೇ.

ಮನಸ್ಸಿಗೂ ಲಾಭವಿದೆಯೇ?

ಇದೆ. 33 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆಯಲ್ಲಿ ತೂಕದ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ತಗ್ಗಿದ್ದು ಕಂಡಿತು. ಖಿನ್ನತೆಗೆ ಚಿಕಿತ್ಸೆ ನಡೆಯುತ್ತಿದ್ದರೆ ಇದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಕಾಯಿಲೆ ಬಿದ್ದು ತಿಂಗಳು ಬಿಟ್ಟೆ. ಮತ್ತೆ ಮೊದಲಿನಿಂದಲೇ ಶುರುವೇ?

ಅಲ್ಲ. ಒಮ್ಮೆ ಗಳಿಸಿದ ಬಲ ಹೊಸದಾಗಿ ಗಳಿಸುವುದಕ್ಕಿಂತ ಬೇಗ ಮರಳುತ್ತದೆ. ಒಂದೆರಡು ವಾರ ತಪ್ಪಿದ್ದರೆ ಒಂದು ಮೆಟ್ಟಿಲು ಕಡಿಮೆ ಭಾರ, ತಿಂಗಳಾಗಿದ್ದರೆ ಹಳೆಯ ಭಾರದ ಅರ್ಧ. ಜ್ವರ ಇರುವಾಗ ಬೇಡವೇ ಬೇಡ. ಆಸ್ಪತ್ರೆಯಲ್ಲಿ ಮಲಗಿ ಬಂದವರ ಕಾಲಿನ ಸ್ನಾಯು ಕೆಲವೇ ದಿನಗಳಲ್ಲಿ ಕರಗಿರುತ್ತದೆ. ಅಂಥವರು ಓಡಾಡಲು ಒಪ್ಪಿಗೆ ಸಿಕ್ಕ ದಿನದಿಂದಲೇ ಎತ್ತರದ ಆಸನದಿಂದ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ದಿನಕ್ಕೆ ಮೂರು ಹೊತ್ತು ಐದೈದು ಸಲ ಏಳುವುದೊಂದನ್ನು ಮಾಡಿ. ವಾರದ ಮೇಲೆ ಉಳಿದ ಐದನ್ನು ಒಂದೊಂದಾಗಿ ಸೇರಿಸಿಕೊಳ್ಳಿ.